ದೊಡ್ಡಬೋರೆಯ ನಲವತ್ತೊಂದು ಹುಲ್ಲು

ಆಂಧ್ರಕ್ಕೆ ಸೇರಿದ ಮಡಕಶಿರಾ ಸೀಮೆಯಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿರುವ ಯಾರನ್ನಾದರೂ ನಿಲ್ಲಿಸಿ ‘ಮೇವು ಹೆಂಗೈತಪ್ಪ?’ ಎಂದು ಕೇಳಿ ನೋಡಿ. ನಿಜ ಹೇಳಿದರೆ ಆಮೇಲೆ ನನ್ನನ್ನು ಕೇಳಿ. ಕುರಿಗಳು ಎರಡೂ ಪಕ್ಕ ಉಬ್ಬಿ, ನಡೆಯಲಾರದೆ ನಡೆಯುತ್ತಿದ್ದರೂ ಆ ಪುಣ್ಯಾತ್ಮ ‘ಎಲ್ಲೈತಣ್ಣ ಮೇವು, ಬರೀ ಕಲ್ಲು ನೆಕ್ತಾವೆ’ ಎಂದು ಮುಖ ಸಣ್ಣದು ಮಾಡುತ್ತಾನೆ. ಅವರ ಲೆಕ್ಕದಲ್ಲಿ ಇದು ಸುಳ್ಳಲ್ಲ, ಮರ್ಯಾದೆ. ಹುಲ್ಲಿದೆ ಎಂದು ಒಬ್ಬನ ಮುಂದೆ ಬಾಯಿಬಿಟ್ಟರೆ ವಾರದೊಳಗೆ ನಾಲ್ಕೂರಿನ ಮಂದೆಗಳು ಬಂದು ಬೋರೆಗುಡ್ಡವನ್ನು ಬೋಳಿಸಿ ಹೋಗುತ್ತವೆ. ಹುಲ್ಲಿನ ಮಾತು ಮನೆಯೊಳಗಿನ ಮಾತು. ಹೆಣ್ಣು ಕೇಳಲು ಬಂದ ಬೀಗರಿಗೂ ಅದನ್ನು ಹೇಳುವುದಿಲ್ಲ.

ದೊಡ್ಡಬೋರೆಹಟ್ಟಿಯ ಪಾಪಣ್ಣ ಈ ವಿಷಯದಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. ವಯಸ್ಸು ಅರವತ್ತೈದು ದಾಟಿದೆ. ಹೊರಗಿನವರು ಎದುರಿಗಿದ್ದರೆ ಅವನಿಗೆ ಗರಿಕೆಯ ಹೆಸರೂ ಮರೆತುಹೋಗುತ್ತದೆ. ಮಗಳು ತ್ರಿವೇಣಿಯ ಮುಂದೆ ಮಾತ್ರ ಅವನು ಬೇರೆಯೇ ಮನುಷ್ಯ. ಅವಳು ಆರು ವರ್ಷದವಳಿದ್ದಾಗಿನಿಂದ ಬೋರೆ ಹತ್ತಿಸಿ, ಒಂದೊಂದೇ ಕಡ್ಡಿ ಕಿತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ ಅಗಿದು ಹೆಸರು ಹೇಳು ಅನ್ನುತ್ತಿದ್ದ. ಹಂಚಿಹುಲ್ಲು ಸಪ್ಪೆ. ಕಾಚಿಹುಲ್ಲಿಗೆ ನಿಂಬೆಯ ಘಮ. ಕರಡ ಮೊದಲು ಸಿಹಿ, ಆಮೇಲೆ ಒಗರು. ತಪ್ಪು ಹೇಳಿದರೆ ತಲೆಗೊಂದು ಮೊಟಕು, ಸರಿ ಹೇಳಿದರೆ ಕಾರೆಹಣ್ಣು. ತಮ್ಮ ರಮೇಶನಿಗೆ ಈ ಪಾಠ ಹತ್ತಲಿಲ್ಲ, ಅವನಿಗೆ ಕುರಿ ಹೊಡೆಯುವುದಷ್ಟೇ ಸಾಕಾಯಿತು.

ತ್ರಿವೇಣಿ ಓದಿದಳು. ಅನಂತಪುರದಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಹನ್ನೆರಡು ವರ್ಷದಿಂದ ರಾಯದುರ್ಗದ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಳೆ. ರಜೆ ಸಿಕ್ಕಿತೆಂದರೆ ಹಳೆಯ ಪೇಪರಿನ ಕಟ್ಟು ಕಂಕುಳಲ್ಲಿಟ್ಟುಕೊಂಡು, ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ, ಅರ್ಧ ದಿನ ಧೂಳು ಕುಡಿದು ಊರಿಗೆ ಬರುತ್ತಾಳೆ. ಮಗಳು ಮದುವೆಯ ಮಾತೆತ್ತದೆ ಹುಲ್ಲಿನ ಹಿಂದೆ ಬಿದ್ದಿದ್ದಾಳೆಂದು ತಾಯಿ ಬೊಮ್ಮಕ್ಕ ಗೊಣಗುತ್ತಾಳೆ. ಬೋರೆಯ ಹುಲ್ಲುಗಳನ್ನು ಕಿತ್ತು, ಪೇಪರಿನ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ ಕಾಲೇಜಿನ ಬೀರುವಿನಲ್ಲಿಟ್ಟಿದ್ದಾಳೆ. ಹಾಳೆಯ ಮೇಲ್ಭಾಗದಲ್ಲಿ ಅಪ್ಪ ಹೇಳಿದ ಹೆಸರು, ಕೆಳಗೆ ಲ್ಯಾಟಿನ್ ಹೆಸರು. ಹನ್ನೆರಡು ವರ್ಷಕ್ಕೆ ನಲವತ್ತೊಂದು ಹಾಳೆಗಳಾಗಿವೆ.

ಇಷ್ಟಿದ್ದೂ ಸರ್ಕಾರದ ಕಾಗದದಲ್ಲಿ ದೊಡ್ಡಬೋರೆಯ ಮೇಲೆ ಹುಲ್ಲುಗಾವಲೇ ಇಲ್ಲ. ಅದಕ್ಕೊಂದು ಕಥೆಯಿದೆ. ನೂರಿಪ್ಪತ್ತು ವರ್ಷದ ಹಿಂದೆ ಯಾರೋ ಒಬ್ಬ ಬ್ರಿಟಿಷ್ ದೊರೆ ಏಪ್ರಿಲ್ ಬಿಸಿಲಿನಲ್ಲಿ ಬೋರೆಯ ಬುಡಕ್ಕೆ ಡೇರೆ ಹಾಕಿ ಎರಡು ದಿನ ಇದ್ದ. ಅವನ ದೇಶದಲ್ಲಿ ಬೆಟ್ಟ ಎಂದರೆ ಮರ ಇರಬೇಕು. ಇಲ್ಲಿ ಮರ ಕಾಣಲಿಲ್ಲ. ‘ಈ ಗುಡ್ಡದ ಮೇಲೆ ಹಿಂದೆ ದಟ್ಟ ಕಾಡಿದ್ದಿರಬೇಕು, ಕುರಿಯವರ ಬೆಂಕಿಯಿಂದ ಹಾಳಾಗಿದೆ’ ಎಂದು ಎರಡು ಸಾಲು ಗೀಚಿ, ಡೇರೆ ಬಿಚ್ಚಿಸಿ ಹೋದ. ‘ಇದ್ದಿರಬೇಕು’ ಎಂದು ಅವನು ಬರೆದದ್ದು ಮುಂದಿನ ವರದಿಯಲ್ಲಿ ‘ಇತ್ತು’ ಆಯಿತು. ಅಲ್ಲಿಂದ ಮುಂದೆ ಬಂದ ಪ್ರತಿ ಅಧಿಕಾರಿಯೂ ಅದನ್ನೇ ನಕಲು ಹೊಡೆದ. ಕೊನೆಗೆ ಆಕಾಶದಲ್ಲಿ ಸುತ್ತುವ ಉಪಗ್ರಹದ ನಕ್ಷೆಗೂ ಆ ಎರಡು ಸಾಲು ಏರಿತು. ದೊಡ್ಡಬೋರೆ ಅಲ್ಲಿ ಕಂದು ಬಣ್ಣದಲ್ಲಿದೆ. ಕಂದು ಎಂದರೆ ಕೆಟ್ಟುಹೋದ ಕಾಡು.

ತ್ರಿವೇಣಿಯ ಹೊಟ್ಟೆ ಉರಿಯುತ್ತಿದ್ದದ್ದು ಇಲ್ಲಿ. ಕಾಡು ಕಡಿದ ಮೇಲೆ ಬರುವ ಹುಲ್ಲೇ ಬೇರೆ, ಹುಟ್ಟಿನಿಂದ ಹುಲ್ಲಾಗಿರುವ ನೆಲದ ಹುಲ್ಲೇ ಬೇರೆ ಎಂದು ಅವಳು ಬಲ್ಲಳು. ಬೋರೆಯ ನೆತ್ತಿಯಲ್ಲಿ ಅವಳೇ ಗುಂಡಿ ತೋಡಿ ನೋಡಿದ್ದಳು. ಮೇಲೆ ಒಂದು ಗೇಣು ಕಡ್ಡಿ, ನೆಲದೊಳಗೆ ಮೊಣಕೈ ದಪ್ಪದ ಗೆಡ್ಡೆ. ಅಂಥ ಗೆಡ್ಡೆ ಆ ಗಾತ್ರಕ್ಕೆ ಬರಲು ತಲೆಮಾರುಗಳೇ ಬೇಕು. ಬೋರೆಯ ಬುಡದಲ್ಲಿ ಒಂದು ಹಳೆಯ ಶಾಸನದ ಕಲ್ಲಿದೆ. ಬೋರೆಯ ಹುಲ್ಲನ್ನು ಹಟ್ಟಿಯವರಿಗೆ ಬಿಟ್ಟುಕೊಟ್ಟಿದೆ, ಅದಕ್ಕೆ ವರ್ಷಕ್ಕೆ ಹನ್ನೆರಡು ಕಂಬಳಿ ಕೊಡತಕ್ಕದ್ದು ಎಂದು ಅದರ ಮೇಲಿದೆ. ದೊರೆಯ ಅಜ್ಜನ ಅಜ್ಜ ಹುಟ್ಟುವ ಮೊದಲೇ ಇಲ್ಲಿ ಹುಲ್ಲಿತ್ತು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಆದರೆ ಗೆಸ್ಟ್ ಲೆಕ್ಚರರ್ ಒಬ್ಬಳ ಮಾತನ್ನು ಯಾವ ಆಫೀಸಿನಲ್ಲಿ ಕೇಳುತ್ತಾರೆ?

ಹೋದ ವರ್ಷ ಕೇಳುವ ಕಾಲ ಬಂತು. ಎಲ್ಲೋ ಗಣಿಗೆ ಹೋದ ಕಾಡಿಗೆ ಬದಲಾಗಿ ಬೇರೆ ಕಡೆ ಗಿಡ ನೆಡಬೇಕಿತ್ತು. ಅದಕ್ಕೆ ಖಾಲಿ ಜಾಗ ಯಾವುದು, ಕೆಟ್ಟ ಕಾಡು ಯಾವುದು ಎಂದು ವಿಂಗಡಿಸಿ ಕೊಡುವ ಗುತ್ತಿಗೆ ಒಂದು ಸರ್ವೆ ಕಂಪನಿಗೆ ಸಿಕ್ಕಿತ್ತು. ಮಡಕಶಿರಾ ಈಗ ಬೇರೆ ಜಿಲ್ಲೆಗೆ ಸೇರಿದ್ದರೂ ಗುತ್ತಿಗೆ ಹಳೆಯ ಅನಂತಪುರ ಜಿಲ್ಲೆಯ ಲೆಕ್ಕದಲ್ಲೇ ಇತ್ತು. ಕಂಪನಿಯವರು ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಒಂದು ಯೂನಿಟ್ಟಿನ ಮಹಡಿ ಬಾಡಿಗೆಗೆ ಹಿಡಿದರು. ಹುಲ್ಲು ಗಿಡ ಗುರುತಿಸಬಲ್ಲವರು ಬೇಕೆಂದು ಹುಡುಕುತ್ತ ಬಂದವರಿಗೆ ತ್ರಿವೇಣಿ ಸಿಕ್ಕಳು. ಅವರ ಪಟ್ಟಿಯಲ್ಲಿ ಏಳನೆಯ ನಂಬರಿನ ಎದುರು ‘ಸಹಜ ಹುಲ್ಲುಗಾವಲು’ ಎಂದಿತ್ತು. ಆ ನಂಬರು ಬಿದ್ದ ನೆಲದಲ್ಲಿ ಗುಂಡಿ ತೋಡುವಂತಿಲ್ಲ, ಗಿಡ ನೆಡುವಂತಿಲ್ಲ. ತ್ರಿವೇಣಿಗೆ ಕುಣಿಯುವಷ್ಟು ಸಂತೋಷವಾಯಿತು. ದೊಡ್ಡಬೋರೆಯ ಎದುರು ಒಂದು ಏಳು ಬರೆಸಿದರೆ ಅಪ್ಪನ, ತಮ್ಮನ, ಇಡೀ ಹಟ್ಟಿಯ ಕುರಿ ಬದುಕಿದಂತೆ.

ಕಾಲೇಜಿಗೆ ರಜೆ ಹಾಕಿ ಎರಡು ತಿಂಗಳು ಹಗಲೆಲ್ಲ ಬೋರೆಯ ಮೇಲಿದ್ದಳು. ಹಗ್ಗ ಕಟ್ಟಿ ಚೌಕ ಮಾಡಿ, ಒಂದೊಂದು ಚೌಕದೊಳಗಿನ ಹುಲ್ಲನ್ನೂ ಎಣಿಸಿ ಬರೆದಳು. ಗೆಡ್ಡೆಯ ಫೋಟೋ, ಶಾಸನದ ಪಡಿಯಚ್ಚು, ನಲವತ್ತೊಂದು ಹಾಳೆ ಎಲ್ಲವನ್ನೂ ಜೋಡಿಸಿದಳು. ಉಳಿದದ್ದು ಒಂದೇ ಕಾಲಂ, ಆ ನೆಲವನ್ನು ಬಳಸುವ ಹಿರಿಯನೊಬ್ಬನ ಹೇಳಿಕೆ. ಅದನ್ನು ಕಂಪನಿಯ ಬೇರೆ ಮನುಷ್ಯ ಹೋಗಿ ವಿಡಿಯೋ ಮಾಡಿಕೊಂಡು ಬರಬೇಕು. ಸಂಬಂಧಿಕರು ಎದುರಿಗಿರಬಾರದು, ಯಾರೂ ಮುಂಚಿತವಾಗಿ ಹೇಳಿಕೊಡಬಾರದು ಎಂಬ ಕಾಗದಕ್ಕೆ ತ್ರಿವೇಣಿ ಸಹಿ ಹಾಕಿದ್ದಳು. ಹಾಕಿದ ಸಹಿಗೆ ನಿಯತ್ತಾಗಿ ನಡೆದುಕೊಂಡಳು. ಅಪ್ಪನಿಗೆ ಹೀಗೊಬ್ಬ ಬರುತ್ತಾನೆ ಎಂಬ ಸುಳಿವನ್ನೂ ಕೊಡಲಿಲ್ಲ. ಹುಲ್ಲಿನ ವಿಷಯದಲ್ಲಿ ಅಪ್ಪನಿಗೆ ಯಾರು ಹೇಳಿಕೊಡಬೇಕು ಎಂಬ ಹೆಮ್ಮೆ ಬೇರೆ. ಅಪ್ಪ ಹೊರಗಿನವರ ಮುಂದೆ ಏನಾಗುತ್ತಾನೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ಯಾಕೆಂದರೆ ಅವಳು ಯಾವತ್ತೂ ಹೊರಗಿನವಳಾಗಿರಲಿಲ್ಲ.

ಒಂದು ಭಾನುವಾರ ಊರಿಗೆ ಹೋದಾಗ ಪಾಪಣ್ಣ ಜಗಲಿಯ ಮೇಲೆ ಕೂತು ಕಂಬಳಿಯ ಅಂಚು ಹೊಲಿಯುತ್ತಿದ್ದ. ಮುಖದಲ್ಲಿ ಏನೋ ಗೆದ್ದ ಕಳೆ.

“ಮೊನ್ನೆ ಒಬ್ಬ ಬಂದಿದ್ದ ಕಣಮ್ಮ, ಯೋಗೀಶ ಅಂತೆ. ಮೋಟ್ರುಬೈಕಲ್ಲಿ ಬಂದು, ಫೋನು ಮಕದ ಮುಂದೆ ಹಿಡ್ಕಂಡು, ತೆಲುಗಲ್ಲಿ ಹುಲ್ಲು ಹೆಂಗೈತೆ, ಎಷ್ಟು ತರದ್ದೈತೆ, ಯಾವಾಗ ಬತ್ತೈತೆ ಅಂತ ಒಂದೇ ಸಮ ಕೇಳ್ದ. ನಾನೇನ್ ಬಿಟ್ಟುಕೊಡ್ತೀನಾ? ಏನೂ ಇಲ್ಲ ಸ್ವಾಮಿ, ನಮ್ಮಪ್ಪನ ಕಾಲಕ್ಕೇ ಮುಗುದೋಯ್ತು, ಈಗ ಬರೀ ಕಲ್ಲು ಅಂದೆ. ಪಕ್ಕದ್ ಮನೆ ಗಂಗಣ್ಣಾನೂ ಅಲ್ಲೇ ಇದ್ದ, ಅವನೂ ತಲೆ ಆಡ್ಸಿದ. ಬರ್ಕಂಡು ಓಗವ್ನೆ.”

ತ್ರಿವೇಣಿ ಚೀಲವನ್ನೂ ಇಳಿಸದೆ ನಿಂತಲ್ಲೇ ನಿಂತಳು. ಬೊಮ್ಮಕ್ಕ ಒಳಗಿನಿಂದ ನೀರು ತಂದು ಕೊಟ್ಟಳು, ಅದನ್ನೂ ಕುಡಿಯಲಿಲ್ಲ.

“ಯಾಕಪ್ಪ ಹಂಗೆ ಹೇಳ್ದೆ?”

“ಇನ್ನೆಂಗೆ ಹೇಳ್ಬೇಕಿತ್ತು? ಅವ್ನ್ಯಾರೋ ಏನೋ. ಯಾವ ಸೀಮೆ ಕುರಿಯೋನಿಗೆ ಸುದ್ದಿ ಮಾರ್ಕಂತಾನೋ ಏನೋ.”

ಅವಳು ಎಲ್ಲ ಬಿಡಿಸಿ ಹೇಳಿದಳು. ಕಂಪನಿ, ನಂಬರು, ಗುಂಡಿ, ಗಿಡ. ಪಾಪಣ್ಣನ ಸೂಜಿ ನಿಂತಿತು. ಮುಖ ಕಪ್ಪಿಟ್ಟಿತು. ಕೊನೆಗೆ ಅವನು ಕೇಳಿದ್ದು ಒಂದೇ.

“ಮುಂಚೆಯೇ ಒಂದ್ ಮಾತು ಹೇಳಕೇನಾಗಿತ್ತವ್ವ ನಿಂಗೆ?”

ಸಹಿ ಹಾಕಿದ್ದೆ ಅಪ್ಪ ಎಂದು ಹೇಳಲು ಅವಳಿಗೆ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ರಾಯದುರ್ಗಕ್ಕೆ ಓಡಿದಳು. ಸರ್ವೆಯ ಮುಖ್ಯಸ್ಥ ಸಿದ್ದರಾಮೇಶ್ ಅದೇ ಊರಿನ ವ್ಯಾಪಾರಸ್ಥರ ಮನೆಯವನು, ಐವತ್ತರ ಹತ್ತಿರದವನು, ಹಣೆಯ ಮೇಲೆ ತೆಳ್ಳಗೆ ವಿಭೂತಿ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದು ಎದೆ ಹಗುರ ಮಾಡಿಕೊಳ್ಳಬಹುದಿತ್ತು. ಕೆಳಗಿನ ಮಳಿಗೆಯ ಹೊಲಿಗೆ ಯಂತ್ರಗಳಿಗೆ ಅವನ ಮೇಜು, ಮೇಜಿನ ಮೇಲಿನ ನೀರಿನ ಲೋಟ ಎಲ್ಲ ಸಣ್ಣಗೆ ನಡುಗುತ್ತಿದ್ದವು.

“ಬರ್ರಿ ಮೇಡಂ, ಕುಂದ್ರಿ. ನಿಮ್ಮ ಕೆಲಸ ನೋಡಿ ನಂಗ ಭಾಳ ಖುಷಿ ಆತ್ರಿ. ಇಷ್ಟು ಚಲೋ ಲೆಕ್ಕ ಯಾರೂ ಕೊಟ್ಟಿಲ್ಲ. ಆದ್ರ ಇದನ್ನೊಂದು ನೋಡ್ರಿ.”

ಕಂಪ್ಯೂಟರಿನಲ್ಲಿ ಪಾಪಣ್ಣ ಕಾಣಿಸಿದ. ಕೈಮುಗಿದುಕೊಂಡು, ಭುಜ ಕುಗ್ಗಿಸಿಕೊಂಡು, ಏನೂ ಅರಿಯದ ಬಡಪಾಯಿಯಂತೆ ನಿಂತಿದ್ದ. ಎಂಥ ನಟ! ಅವನ ಬೆನ್ನ ಹಿಂದೆ ಅವನ ಕುರಿಗಳು ಮೊಣಕಾಲುದ್ದ ಹುಲ್ಲಿನಲ್ಲಿ ತಲೆ ತಗ್ಗಿಸಿ ಮೇಯುತ್ತಿದ್ದವು. ಅದನ್ನು ನೋಡುವ ಕಣ್ಣು ಅಲ್ಲಿ ಯಾರಿಗೂ ಇರಲಿಲ್ಲ.

“ಅವರು ನಮ್ಮಪ್ಪಾರಿ,” ಎಂದಳು ತ್ರಿವೇಣಿ.

“ಗೊತ್ತೈತ್ರಿ. ಅದ ತ್ರಾಸು. ಮಗಳು ನಲವತ್ತೊಂದು ಅಂತಾಳ, ಅಪ್ಪ ಒಂದೂ ಇಲ್ಲ ಅಂತಾನ. ಮ್ಯಾಲಿನೋರು ಯಾರನ್ನ ನಂಬತಾರ ಹೇಳ್ರಿ? ಮಗಳು ತಮ್ಮ ಕುರಿ ಸಲುವಾಗಿ ಬರದಾಳ ಅಂತಾರ.”

“ಹೊರಗಿನೋರಿಗೆ ಅವರು ಹಂಗ ಹೇಳೋದ್ರಿ ಸರ್. ಹುಲ್ಲೈತಿ ಅಂತ ಯಾರೂ ಹೇಳಂಗಿಲ್ಲ. ಅದು ಅವರ ರೂಢಿ.”

“ಇರಬಹುದ್ರಿ. ಆದ್ರ ರೂಢಿ ಬರಿಯಾಕ ಈ ಫಾರಂದಾಗ ಜಾಗ ಇಲ್ಲಲ್ರಿ.” ಸಿದ್ದರಾಮೇಶ್ ಕನ್ನಡಕ ತೆಗೆದು ಒರೆಸಿದ. “ಒಂದು ಕೆಲಸ ಮಾಡೂಣು. ಎರಡನೇ ಸಲ ಹೇಳಿಕಿ ತಗೊಳಾಕ ಅವಕಾಶ ಐತಿ. ನಾನ ಖುದ್ದು ಬರ್ತೀನಿ. ನೀವು ದೂರ ನಿಂದರಬೇಕು. ಅವರು ಇದ್ದದ್ದು ಇದ್ದಂಗ ಹೇಳಲಿ, ಅಷ್ಟ ಸಾಕು.”

ಸಹಿಯನ್ನು ಗಾಳಿಗೆ ತೂರಿ ತ್ರಿವೇಣಿ ಈ ಸಲ ಅಪ್ಪನ ಎದುರು ಕೂತಳು. ತೀರಾ ಸುಳ್ಳು ಹೇಳಿಕೊಡುತ್ತಿಲ್ಲವಲ್ಲ, ನಿಜ ಹೇಳು ಅನ್ನುತ್ತಿದ್ದೇನಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

“ಈ ಸಲ ಏನೂ ಮುಚ್ಚಿಡ್ಬ್ಯಾಡಪ್ಪ. ನಂಗೆ ಹೆಂಗೆ ಹೇಳ್ಕೊಟ್ಟೆ, ಹಂಗೇ ಅವ್ರಿಗೂ ಹೇಳು. ಹುಲ್ಲಿನ ವಿಚಾರ ಏನೇನ್ ಗೊತ್ತೋ ಎಲ್ಲಾ.”

“ಎಲ್ಲಾನಾ?”

“ಎಲ್ಲಾ.”

ಐವತ್ತು ವರ್ಷ ಹಲ್ಲು ಕಚ್ಚಿ ಹಿಡಿದ ಮಾತನ್ನು ಒಂದು ಬೆಳಿಗ್ಗೆ ಉಗುಳು ಎಂದರೆ ಯಾರಿಗಾದರೂ ಕಷ್ಟವೇ. ಪಾಪಣ್ಣ ಎದ್ದು ಗಂಗಣ್ಣನ ಮನೆಗೆ ಹೋದ, ಹಟ್ಟಿಯ ಇನ್ನಿಬ್ಬರು ಹಿರಿಯರನ್ನು ಕರೆಸಿ ಕೇಳಿದ. ಬಂದು ಹೇಳಿದ.

“ಹೇಳು ಅಂದ್ರು. ನಿನ್ನ ಮಗ್ಳು ಓದ್ದೋಳು, ಕೇಡು ಬಗೆಯಕಿಲ್ಲ ಅಂದ್ರು.”

ಏಪ್ರಿಲ್ ಎರಡನೆಯ ವಾರ ಸಿದ್ದರಾಮೇಶ್ ಜೀಪು ಹತ್ತಿ ಬಂದ. ಬಿಸಿಲಿಗೆ ಬೋರೆ ಒಣಗಿ ಬಣ್ಣಗೆಟ್ಟಿತ್ತು. ತ್ರಿವೇಣಿ ಕೆಳಗೆ ಒಂದು ಪೊದೆಯ ಪಕ್ಕ ನಿಂತುಕೊಂಡಳು. ಅಲ್ಲಿಂದ ಮಾತು ಕೇಳುತ್ತಿರಲಿಲ್ಲ, ಮನುಷ್ಯರು ಮಾತ್ರ ಕಾಣುತ್ತಿದ್ದರು. ಮೊದಲು ಪಾಪಣ್ಣ ಕೈ ಕಟ್ಟಿಕೊಂಡೇ ನಿಂತಿದ್ದ. ಆಮೇಲೆ ಬಗ್ಗಿ ಒಂದು ಒಣ ಬುಡ ತೋರಿಸಿದ. ಇನ್ನೊಂದು ಕಿತ್ತು ಸಿದ್ದರಾಮೇಶನ ಮೂಗಿಗೆ ಹಿಡಿದ. ಬರಬರುತ್ತ ಅವನ ಕೈಗಳು ಬಿಚ್ಚಿದವು. ಮುದುಕ ಹುಡುಗನ ಹಾಗೆ ಒಂದು ಕಲ್ಲಿನಿಂದ ಇನ್ನೊಂದಕ್ಕೆ ನೆಗೆಯುತ್ತ, ಹಿಂದೆ ತಿರುಗಿ ಬನ್ನಿ ಬನ್ನಿ ಎಂದು ಕೈ ಬೀಸುತ್ತ, ಆ ಆಸಾಮಿಯನ್ನು ಬೋರೆಯೆಲ್ಲ ಸುತ್ತಿಸಿದ. ಕೊನೆಗೆ ಇಬ್ಬರೂ ಪಡುವಣ ಇಳಿಜಾರಿನಲ್ಲಿ ನಿಂತರು. ಅಲ್ಲಿ ನೆಲ ಸುಟ್ಟು ಕರ್ರಗಾಗಿತ್ತು. ಪಾಪಣ್ಣ ಅಂಗೈಯನ್ನು ಗಾಳಿಗೆ ಹಿಡಿದು ಏನೋ ವಿವರಿಸುತ್ತಿದ್ದ, ಬೆರಳಿನಿಂದ ನೆಲದ ಮೇಲೆ ಗೆರೆ ಎಳೆಯುತ್ತಿದ್ದ. ಸಿದ್ದರಾಮೇಶ್ ತಲೆಯಾಡಿಸುತ್ತ ಬರೆದುಕೊಳ್ಳುತ್ತಿದ್ದ.

ತ್ರಿವೇಣಿಯ ಕಣ್ಣು ತುಂಬಿತು. ಬೋರೆ ಉಳಿಯಿತು ಎಂದುಕೊಂಡಳು.

ಇಳಿದು ಬಂದ ಸಿದ್ದರಾಮೇಶ್ ಬೆವರು ಒರೆಸಿಕೊಳ್ಳುತ್ತ, “ನಿಮ್ಮ ತಂದಿ ಭಾಳ ದೊಡ್ಡ ಮನಷ್ಯಾರಿ ಮೇಡಂ, ಇಂಥವರನ್ನ ನಾ ನೋಡಿಲ್ಲ” ಎಂದ. ಅದನ್ನು ಅವನು ಮನಸಾರೆಯೇ ಹೇಳಿದ. ಬೊಮ್ಮಕ್ಕ ಮಜ್ಜಿಗೆ ಕೊಟ್ಟಳು, ಎರಡು ಲೋಟ ಕುಡಿದು ಜೀಪು ಹತ್ತಿದ.

“ಬೆಂಕಿ ವಿಚಾರಾನೂ ಹೇಳ್ದೆ ಕಣಮ್ಮ,” ಎಂದ ಪಾಪಣ್ಣ ಸಂಜೆ, ಇನ್ನೂ ಹುರುಪು ಇಳಿದಿರಲಿಲ್ಲ. “ಮೂರು ಪಾಲು ಮಾಡಿ ವರ್ಷಕ್ಕೊಂದು ಪಾಲು ಸುಡಾದು, ಸುತ್ತ ಮೊದ್ಲು ಗೆರೆ ಕೊಯ್ದು ಆಮೇಲೆ ಇಡಾದು, ಸುಡದಿದ್ರೆ ಹುಲ್ಲು ಗುತ್ತಿ ಕಟ್ಕಂಡು ಉಸಿರುಗಟ್ಟಿ ಸಾಯ್ತೈತೆ ಅಂತ. ಅದ್ನ ಯಾರ್ ಮುಂದೂ ಹೇಳಿರ್ಲಿಲ್ಲ ನೋಡು ಇವತ್ತಿನ ಗಂಟ. ಎಲ್ಲಾ ಹೇಳು ಅಂದಿದ್ಯಲ್ಲ.”

ಒಳ್ಳೆಯದಾಯಿತು ಎಂದಳು ತ್ರಿವೇಣಿ. ಅವಳಿಗೂ ಹಾಗೇ ಅನ್ನಿಸಿತ್ತು. ಬೆಂಕಿ ಬಿದ್ದರೂ ಗೆಡ್ಡೆಯಿಂದ ಮತ್ತೆ ಚಿಗುರುವುದೇ ಇಂಥ ಹುಲ್ಲಿನ ಗುಣ ಎಂದು ಅವಳೇ ತರಗತಿಯಲ್ಲಿ ಪಾಠ ಮಾಡುತ್ತಿದ್ದಳು.

ಜುಲೈನಲ್ಲಿ ವರದಿ ಬಂತು. ಸ್ಟಾಫ್ ರೂಮಿನಲ್ಲಿ ಕೂತು ಹಾಳೆ ತಿರುವಿದಳು. ದೊಡ್ಡಬೋರೆಯ ಎದುರು ಏಳು ಇರಲಿಲ್ಲ, ನಾಲ್ಕು ಇತ್ತು. ನಾಲ್ಕು ಎಂದರೆ ಕೆಟ್ಟುಹೋದ ಕಾಡು. ಷರಾದಲ್ಲಿ ಹೀಗಿತ್ತು: ‘ಕುರಿಗಾಹಿಗಳು ತಲೆಮಾರುಗಳಿಂದ ಬೆಂಕಿ ಹಚ್ಚುತ್ತ ಬಂದಿರುವುದಾಗಿ ಸ್ಥಳೀಯ ಹಿರಿಯರೇ ಒಪ್ಪಿಕೊಂಡಿದ್ದಾರೆ. ಆದ್ದರಿಂದ ಮೂಲ ಸಸ್ಯವರ್ಗ ನಾಶವಾಗಿದೆ. ಗಿಡ ನೆಡಲು ಸೂಕ್ತ.’ ದೊರೆ ಗೀಚಿದ ಸಾಲಿಗೆ ನೂರಿಪ್ಪತ್ತು ವರ್ಷದ ಮೇಲೆ ಕೊನೆಗೂ ಒಬ್ಬ ಸಾಕ್ಷಿ ಸಿಕ್ಕಿದ್ದ. ಆ ಸಾಕ್ಷಿಯನ್ನು ಕೈಹಿಡಿದು ಕರೆತಂದು ನಿಲ್ಲಿಸಿದವಳು ಅವಳೇ.

ಸಿದ್ದರಾಮೇಶನಿಗೆ ಫೋನು ಮಾಡಿದಳು. ಅವನು ತಪ್ಪಿಸಿಕೊಳ್ಳಲಿಲ್ಲ.

“ಏಳನೇ ನಂಬರಿನ ಕೆಳಗ ಒಂದು ಷರತ್ತೈತ್ರಿ ಮೇಡಂ. ಮೂವತ್ತು ವರ್ಷದಾಗ ಮನುಷ್ಯಾರು ಹಚ್ಚಿದ ಬೆಂಕಿ ಇರಬಾರದು. ಅವರು ವರ್ಷಾ ಹಚ್ಚತೀವಿ ಅಂತ ಕ್ಯಾಮೆರಾದಾಗ ಹೇಳಿಬಿಟ್ರು. ನಾ ಏನ್ ಮಾಡ್ಲಿರಿ?”

“ಆ ಷರತ್ತು ನಂಗ ಯಾಕ ತೋರಸಲಿಲ್ರಿ? ಬರೀ ಫಾರಂ ಕೊಟ್ರಿ, ನಿಯಮದ ಪುಸ್ತಕ ಕೊಡಲಿಲ್ಲ.”

“ಕೊಟ್ಟಿದ್ರ ನೀವು ಅಪ್ಪಗ ಬೆಂಕಿ ಮಾತು ಎತ್ತಬ್ಯಾಡ ಅಂತಿದ್ರಿ. ಹೌದಲ್ರಿ? ಅದಕ್ಕ ಯಾರಿಗೂ ಕೊಡಂಗಿಲ್ರಿ.” ಆಮೇಲೆ ಮೆತ್ತಗೆ ಸೇರಿಸಿದ. “ನಂಗೂ ಬ್ಯಾಸರ ಐತ್ರಿ. ನಿಮ್ಮ ಪಟ್ಟಿ ಮಾತ್ರ ಒಂದಕ್ಷರ ಬಿಡದ ಹಾಕೀನಿ, ಕೊನೀಗೆ ನೋಡ್ರಿ.”

ನೋಡಿದಳು. ನಲವತ್ತೊಂದೂ ಇದ್ದವು. ಅಪ್ಪ ಹೇಳಿದ ಹೆಸರುಗಳು ಕನ್ನಡದಲ್ಲೇ ಅಚ್ಚಾಗಿದ್ದವು, ಪಕ್ಕದಲ್ಲಿ ಲ್ಯಾಟಿನ್, ಕೆಳಗೆ ‘ಗುರುತಿಸಿದವರು: ಪಿ. ತ್ರಿವೇಣಿ’. ಮೇಲೆ ತಲೆಬರಹ: ‘ಗಿಡ ನೆಡುವ ಮುನ್ನ ಬೇರುಸಮೇತ ತೆಗೆಯಬೇಕಾದ ಕಳೆಗಳು’.

ಅವತ್ತು ಅವಳು ಪಾಠ ಮಾಡಲಿಲ್ಲ. ಬೀರುವಿನ ಮುಂದೆ ಹೋಗಿ ನಿಂತಳು, ಬೀಗ ತೆಗೆಯುವ ಮನಸ್ಸಾಗಲಿಲ್ಲ. ತನ್ನ ಮೇಲೆಯೇ ಅಸಹ್ಯ ಹುಟ್ಟಿತು. ಹನ್ನೆರಡು ವರ್ಷ ಮೈ ಸುಟ್ಟುಕೊಂಡು ಕೂಡಿಸಿದ್ದನ್ನು ಅವಳೇ ಅಚ್ಚುಕಟ್ಟಾಗಿ ಪಟ್ಟಿ ಮಾಡಿ, ಯಾವುದನ್ನೂ ಮರೆಯದೆ, ಕೀಳುವವರ ಕೈಗೆ ಕೊಟ್ಟಿದ್ದಳು.

ಊರಿಗೆ ಹೋಗಲು ಹದಿನೈದು ದಿನ ಧೈರ್ಯ ಬರಲಿಲ್ಲ. ಹೋದಾಗ ಬೋರೆಯ ಸುತ್ತ ಬಿಳಿ ಸುಣ್ಣ ಬಳಿದ ಕಲ್ಲು ನೆಟ್ಟಿದ್ದರು. ಮೂಡಣ ಇಳಿಜಾರಿನಲ್ಲಿ ಜೆಸಿಬಿಯೊಂದು ಮಣ್ಣು ಮಗುಚುತ್ತಿತ್ತು. ರಮೇಶ ಮಂದೆ ಹೊಡೆದುಕೊಂಡು ಪಾವಗಡದ ಕಡೆ ಹೋಗಿ ಎಂಟು ದಿನವಾಗಿತ್ತು. ಅಲ್ಲಿಯವರು ಮೇವು ಬಿಡುತ್ತಿಲ್ಲ, ಎರಡು ಕಡೆ ಜಗಳವಾಗಿದೆ ಎಂದಳು ಬೊಮ್ಮಕ್ಕ.

ಪಾಪಣ್ಣ ಮಾತ್ರ ಜಗಲಿಯ ಮೇಲೆ ನಿರುಮ್ಮಳವಾಗಿ ಕೂತಿದ್ದ.

“ನೆಟ್ಕಂಡ್ ಓಗ್ಲಿ ಬುಡು. ನಾನು ಮದ್ವೆ ಆದ್ ವರ್ಷ ನೀಲಗಿರಿ ನೆಟ್ಟಿದ್ರು. ಎಲ್ಡು ವರ್ಷಕ್ಕೆ ಒಣಗಿ ಸೌದೆ ಆದೋ. ಹುಲ್ಲು ಎಲ್ಲಿಗೋಯ್ತೈತೆ, ತಿರ್ಗಾ ಬತ್ತೈತೆ.” ಅವನ ಕಣ್ಣು ಅವಳ ಕೈಯಲ್ಲಿದ್ದ ವರದಿಯ ಮೇಲಿತ್ತು. “ಅದ್ರಾಗೆ ನಮ್ಮ ಹುಲ್ಲಿನ ಹೆಸ್ರು ಆಕವ್ರಂತೆ? ಆ ಸರ್ವೆ ಸಾರು ಗಂಗಣ್ಣಂಗೆ ಫೋನ್ ಮಾಡಿ ಹೇಳವ್ರೆ. ಓದು ಕೇಳಾನ.”

ತ್ರಿವೇಣಿ ಓದಿದಳು. ತಲೆಬರಹ ಬಿಟ್ಟು ಓದಿದಳು. ಹಂಚಿಹುಲ್ಲು, ಕರಡ, ಕಾಚಿಹುಲ್ಲು, ಗರಿಕೆ. ಪಾಪಣ್ಣ ಕಣ್ಣು ಮುಚ್ಚಿಕೊಂಡು ಒಂದೊಂದಕ್ಕೂ ಹೂಂ ಅನ್ನುತ್ತ ಬೆರಳು ಮಡಿಸುತ್ತ ಹೋದ. ಸರ್ಕಾರದ ಪುಸ್ತಕದಲ್ಲಿ ತನ್ನ ಬಾಯಿಂದ ಬಂದ ಹೆಸರುಗಳು ಅಚ್ಚಾಗಿವೆ ಎಂಬ ಸುಖ ಅವನ ಮುಖದ ಮೇಲೆ ಬಿಚ್ಚಿ ಹರಡಿತ್ತು. ನಲವತ್ತೊಂದು ಮುಗಿದಾಗ ಕಣ್ಣು ಬಿಟ್ಟ.

“ಒಂದು ಬಿಟ್ಟಿದ್ದೀಯ.”

“ಇಲ್ಲಪ್ಪ, ಇರಾದು ನಲವತ್ತೊಂದೇ.”

“ನಿಂಗೆ ಗೊತ್ತಿಲ್ದಿದ್ದು ಒಂದೈತೆ.” ಪಾಪಣ್ಣ ನಕ್ಕ, ದನಿ ತಗ್ಗಿಸಿದ. “ಆವತ್ತು ಆ ಸಾರಿಗೂ ಅದೊಂದು ಹೇಳ್ಲಿಲ್ಲ. ಎಲ್ಲಾ ಹೇಳು ಅಂದ್ರೂ ಅದೊಂದು ಬಾಯಿಗೆ ಬರ್ಲಿಲ್ಲ ನೋಡು. ನಮ್ಮಜ್ಜ ನಮ್ಮಪ್ಪಂಗೆ ಹೇಳಿದ್ದು, ನಮ್ಮಪ್ಪ ನಂಗೆ ಸಾಯಾಕ್ ಮುಂಚೆ ಹೇಳಿದ್ದು. ಬೆಂಕಿ ಬಿದ್ದ ವರ್ಷ ಮಾತ್ರ ಬತ್ತೈತೆ, ಬಂಡೆ ಸಂದಿನಾಗೆ, ಹದಿನೈದ್ ದಿನ ಇದ್ದು ಓಗ್ಬುಡ್ತೈತೆ. ಹಾಲು ಬತ್ತಿದ ತಾಯಿಕುರಿ ಅದೊಂದು ಹಿಡಿ ತಿಂದ್ರೆ ಮರಿ ಸಾಯಾಕಿಲ್ಲ. ನಿಂಗೇ ಹೇಳಾನ ಅಂತಿದ್ದೆ. ಪೆನ್ನು ತಗಿ, ನಲವತ್ತೆಲ್ಡು ಅಂತ ಬರ್ಕ.”

ಹನ್ನೆರಡು ವರ್ಷ ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು ತಿರುಗಿದ ಬೋರೆಯಲ್ಲಿ ತ್ರಿವೇಣಿ ಕಾಣದ ಒಂದು ಹುಲ್ಲಿತ್ತು. ಅದನ್ನು ತಿಳಿಯಬೇಕೆಂಬ ಆಸೆ ಒಂದು ಗಳಿಗೆ ಉಳಿದೆಲ್ಲವನ್ನೂ ಮರೆಸಿತು. ಪೆನ್ನು ತೆಗೆದೂ ತೆಗೆದಳು. ಹಾಳೆಯ ಮೇಲೆ ಅದನ್ನು ಇಡಲು ಹೋದಾಗ ತಲೆಬರಹ ಕಣ್ಣಿಗೆ ಬಿತ್ತು. ಇನ್ನು ತಡೆಯಲಾಗಲಿಲ್ಲ.

“ಇದು ಕೀಳೋ ಪಟ್ಟಿ ಅಪ್ಪ,” ಎಂದಳು. “ಇದ್ರಾಗಿರೋ ಹುಲ್ಲೆಲ್ಲಾ ಬೇರು ಸಮೇತ ತೆಗೀರಿ ಅಂತ ಬರ್ದವ್ರೆ. ಗೆಡ್ಡೇನೂ ಬಿಡಾಕಿಲ್ಲ. ಅದ್ಕೇ ಜೆಸಿಬಿ ಬಂದಿರಾದು. ನಾನೇ ಬರ್ಕೊಟ್ಟಿದ್ದು.”

ಪಾಪಣ್ಣ ಮಡಿಸಿದ ಬೆರಳುಗಳನ್ನು ನೋಡಿಕೊಂಡ. ಒಂದೊಂದಾಗಿ ಬಿಡಿಸಿದ. ಬಯ್ಯಲಿಲ್ಲ. ಬಯ್ದಿದ್ದರೆ ಅವಳು ಅಳುತ್ತಿದ್ದಳು, ಅವನು ಸುಮ್ಮನಾಗುತ್ತಿದ್ದ, ಬೊಮ್ಮಕ್ಕ ಊಟಕ್ಕೆ ಕರೆಯುತ್ತಿದ್ದಳು. ಬೋರೆಯ ಕಡೆಯಿಂದ ಜೆಸಿಬಿಯ ಸದ್ದು ಬರುತ್ತಲೇ ಇತ್ತು.

“ಅಪ್ಪ,” ಎಂದಳು ತ್ರಿವೇಣಿ, ಪೆನ್ನನ್ನು ಚೀಲದೊಳಗಿಟ್ಟು. “ನಾನು ಬರೆಯಾಕಿಲ್ಲ. ಎಲ್ಲೂ ಬರೆಯಾಕಿಲ್ಲ. ನಂಗೊಬ್ಳಿಗೇ ಹೇಳು. ಆ ಹುಲ್ಲಿನ ಹೆಸ್ರೇನು?”

ಪಾಪಣ್ಣ ಎದ್ದು ಕಂಬಳಿ ಹೆಗಲಿಗೆ ಹಾಕಿಕೊಂಡ. ಜಗಲಿಯಿಂದ ಇಳಿದು, ಅವಳ ಕಡೆ ತಿರುಗಿ, ಕೈ ಮುಗಿಯುವವನ ಹಾಗೆ ಎರಡೂ ಕೈ ಎದೆಯ ಹತ್ತಿರ ತಂದ. ಅವಳು ಹುಟ್ಟಿದಾಗಿನಿಂದ ಅವಳ ಜೊತೆ ಕನ್ನಡ ಬಿಟ್ಟು ಬೇರೆ ಮಾತು ಆಡಿದವನಲ್ಲ. ಈಗ ಆಫೀಸಿನವರ ಎದುರು ಆಡುವ ತೆಲುಗಿನಲ್ಲಿ, ತನಗೆ ಗೊತ್ತಿಲ್ಲ ಎಂದ.

“ನಾಕು ತೆಲೀದು ಮೇಡಂ.”